ಫಲಿತಾಂಶದ ಮರುದಿನ: ಬಡ ಮಕ್ಕಳ ಓದು ಕಳಚಿಕೊಳ್ಳುವ ಕೊಂಡಿಗಳು

ಮೇ ತಿಂಗಳ ಪತ್ರಿಕೆಗಳಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಗಾರೆ ಕೆಲಸದವರ ಮಗಳು, ಹೂ ಕಟ್ಟಿ ಮಾರುವವರ ಮಗ, ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 610ರ ಮೇಲೆ. ಅಪ್ಪ–ಅಮ್ಮ ಮಗುವಿನ ಬಾಯಿಗೆ ಲಡ್ಡು ಇಡುತ್ತಿರುತ್ತಾರೆ, ಹಿಂದೆ ಶಾಲು ಹಿಡಿದ ಊರ ಮುಖಂಡರು. ಸೆಪ್ಟೆಂಬರ್ ಹೊತ್ತಿಗೆ ಆ ಹುಡುಗಿ ಎಲ್ಲಿದ್ದಾಳೆ, ಯಾವ ಕಾಲೇಜಿನಲ್ಲಿದ್ದಾಳೆ, ಹಾಸ್ಟೆಲ್ ಸಿಕ್ಕಿತೇ ಎಂದು ಯಾರೂ ಹೋಗಿ ನೋಡುವುದಿಲ್ಲ. ಬಡತನದಿಂದ ಓದಿನ ಮೂಲಕ ಹೊರಬರುವ ಕತೆಯಲ್ಲಿ ನಿಜವಾಗಿ ನೋಡಬೇಕಾದದ್ದು ಆ ನಾಲ್ಕು ತಿಂಗಳು.

ಉನ್ನತ ಶಿಕ್ಷಣದ ಬಾಗಿಲಿಗೆ ಬರುವವರ ಲೆಕ್ಕದಲ್ಲಿ ಕರ್ನಾಟಕ ಹಿಂದುಳಿದಿಲ್ಲ. ಕೇಂದ್ರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು ದಾಖಲಾತಿ ಪ್ರಮಾಣ ಶೇ 28.4, ಕರ್ನಾಟಕದ್ದು ಶೇ 36.2. ಶಿಷ್ಯವೇತನ, ಹಾಸ್ಟೆಲ್, ಮೀಸಲಾತಿ, ಶುಲ್ಕ ವಿನಾಯಿತಿ, ಹೆಣ್ಣುಮಕ್ಕಳಿಗೆ ಉಚಿತ ಬಸ್ಸು, ಎಲ್ಲವೂ ಇವೆ. ಆದರೂ ಓದು ನಡುವೆ ನಿಲ್ಲುತ್ತದೆ. ಹಾಗೆ ನಿಂತ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಬುದ್ಧಿ ಸಾಲದೆ ಅಥವಾ ಸೋಮಾರಿತನದಿಂದ ಬಿಟ್ಟವರು ಕಡಿಮೆ. ಒಂದು ಹಂತ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ, ಒಂದು ಕಾಗದಕ್ಕೋ ಒಂದು ಕೊನೆಯ ದಿನಾಂಕಕ್ಕೋ ಜೂನ್ ತಿಂಗಳಲ್ಲಿ ಕೈಯಲ್ಲಿಲ್ಲದ ಎಂಟು–ಹತ್ತು ಸಾವಿರ ರೂಪಾಯಿಗೋ ಸಿಕ್ಕಿಬಿದ್ದವರೇ ಹೆಚ್ಚು. ‘ಕಷ್ಟಪಟ್ಟು ಓದು’ ಎಂಬ ಮಾತನ್ನು ಬಡ ಮಕ್ಕಳಿಗೆ ಹೇಳುವ ಅಗತ್ಯವೇ ಇಲ್ಲ. ಅವರಿಗೆ ಗೊತ್ತಿರುವುದೇ ಅದೊಂದು. ಪಟ್ಟ ಕಷ್ಟ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಹೇಳುವವರು ಬೇಕು.

ಎಂಟನೆಯ ತರಗತಿಯಲ್ಲೇ ತೆರೆಯುವ ಬಾಗಿಲು

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆಯಿದೆ. ಗೆದ್ದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ದೇಶಕ್ಕೆಲ್ಲ ವರ್ಷಕ್ಕೆ ಒಂದು ಲಕ್ಷ ಮಕ್ಕಳಿಗೆ ಇದು ಸಿಗುತ್ತದೆ. ಪೋಷಕರ ಆದಾಯ ವರ್ಷಕ್ಕೆ 3.5 ಲಕ್ಷ ಮೀರಿರಬಾರದು, ಏಳನೆಯ ತರಗತಿಯಲ್ಲಿ ಶೇ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ 50). ತಲಾ 90 ಪ್ರಶ್ನೆಗಳ ಎರಡು ಪತ್ರಿಕೆ: ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ್ದು.

ಪಾಠದ ಪತ್ರಿಕೆಯನ್ನು ಶಾಲೆಯ ಮಕ್ಕಳು ಹೇಗೋ ಬರೆಯುತ್ತಾರೆ. ಕೈಕೊಡುವುದು ಬುದ್ಧಿಶಕ್ತಿಯ ಪತ್ರಿಕೆ. ಸಂಖ್ಯಾಸರಣಿ, ಕನ್ನಡಿಯ ಬಿಂಬ, ಸಂಕೇತ ಬಿಡಿಸುವುದು, ರಕ್ತಸಂಬಂಧದ ಲೆಕ್ಕ ಇವೆಲ್ಲ ಪಠ್ಯದಲ್ಲಿಲ್ಲ. ಒಬ್ಬ ಮೇಷ್ಟ್ರು ಮನಸ್ಸು ಮಾಡಿ ಜೂನ್‌ನಿಂದ ವಾರಕ್ಕೆ ಎರಡು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕು, ಆ ಶಾಲೆಯಿಂದ ಪ್ರತಿವರ್ಷ ನಾಲ್ಕೈದು ಮಕ್ಕಳು ಆಯ್ಕೆಯಾಗುತ್ತಾರೆ. ಪಕ್ಕದೂರಿನ ಶಾಲೆಯಲ್ಲಿ ಒಬ್ಬರೂ ಇರುವುದಿಲ್ಲ. ಗೆದ್ದ ಮೇಲೂ ಒಂದು ಹಳ್ಳವಿದೆ. ಪ್ರತಿವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಬೇಕು. ಹತ್ತನೆಯ ತರಗತಿ ಮುಗಿಸಿ ಬೇರೆ ಊರಿನ ಪಿಯು ಕಾಲೇಜಿಗೆ ಹೋದ ಮಗುವಿಗೆ ನವೀಕರಣ ಮಾಡಿಸುವವರು ಯಾರು? ಹಳೆಯ ಶಾಲೆಗೆ ಆ ಮಗು ಈಗ ಸೇರಿಲ್ಲ, ಹೊಸ ಕಾಲೇಜಿಗೆ ವಿಷಯ ಗೊತ್ತಿಲ್ಲ. ಕೊನೆಯ ಎರಡು ವರ್ಷದ 24,000 ರೂಪಾಯಿ ಕೈತಪ್ಪುವುದು ಇಲ್ಲೇ.

ಐದನೆಯ ತರಗತಿಯಲ್ಲಿ ಇನ್ನೂ ಮುಂಚಿನ ಬಾಗಿಲೊಂದಿದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಮುಂತಾದ ಹೆಸರಿನ ವಸತಿ ಶಾಲೆಗಳಿಗೆ ಪರೀಕ್ಷೆ ಬರೆದು ಆರನೆಯ ತರಗತಿಗೆ ಸೇರಬಹುದು. ಊಟ, ವಸತಿ, ಪುಸ್ತಕ ಎಲ್ಲ ಸರ್ಕಾರದ್ದು. ಇದರ ಬಗ್ಗೆ ತಿಳಿದವರ ಮಕ್ಕಳು ಸೇರುತ್ತಾರೆ, ತಿಳಿಯದವರ ಮಕ್ಕಳು ಊರಲ್ಲೇ ಉಳಿಯುತ್ತಾರೆ, ಅಷ್ಟೇ.

ಎಸ್ಸೆಸ್ಸೆಲ್ಸಿ ಆದ ಮೇಲೆ: ಆರು ವರ್ಷದ ಎರಡು ದಾರಿ

ಹತ್ತರಲ್ಲಿ ಶೇ 85 ಬಂದ ಕೂಡಲೇ ‘ಸೈನ್ಸ್ ತಗೋ’ ಎನ್ನುವುದು ಊರಿನ ವಾಡಿಕೆ. ಸೈನ್ಸ್ ತಗೊಂಡು ಎಂಜಿನಿಯರಿಂಗ್ ಮಾಡಿದರೆ ಎರಡು ವರ್ಷ ಪಿಯು, ನಾಲ್ಕು ವರ್ಷ ಬಿಇ, ಒಟ್ಟು ಆರು. ಅದೇ ಹುಡುಗ ಸರ್ಕಾರಿ ಪಾಲಿಟೆಕ್ನಿಕ್‌ಗೆ ಸೇರಿದರೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಬಿಇಗೆ, ಅಲ್ಲಿ ಮೂರು ವರ್ಷ. ಇದೂ ಆರೇ. ಕೊನೆಯ ಪದವಿಯೂ ಒಂದೇ. ವ್ಯತ್ಯಾಸವಿರುವುದು ನಡುವೆ ಎಲ್ಲಾದರೂ ನಿಲ್ಲಬೇಕಾಗಿ ಬಂದಾಗ. ಅಪ್ಪನ ಕಾಲು ಮುರಿದು ಮೂರನೆಯ ವರ್ಷ ಮುಗಿದಾಗ ಓದು ನಿಂತರೆ, ಪಿಯು ದಾರಿಯಲ್ಲಿ ಬಂದವನ ಕೈಯಲ್ಲಿ ಪಿಯುಸಿ ಅಂಕಪಟ್ಟಿ ಮತ್ತು ಒಂದು ವರ್ಷದ ಬಿಇ ಇರುತ್ತದೆ; ಕೆಲಸದ ಮಾರುಕಟ್ಟೆಯಲ್ಲಿ ಎರಡಕ್ಕೂ ಬೆಲೆ ಅಷ್ಟಕ್ಕಷ್ಟೆ. ಡಿಪ್ಲೊಮಾದವನ ಕೈಯಲ್ಲಿ ಪೀಣ್ಯದಲ್ಲೋ ಬೆಳಗಾವಿಯ ಫೌಂಡ್ರಿಯಲ್ಲೋ ಕೆಲಸ ಕೇಳಬಹುದಾದ ಪ್ರಮಾಣಪತ್ರವಿರುತ್ತದೆ. ಎರಡು ವರ್ಷ ದುಡಿದು ಮತ್ತೆ ಬಿಇಗೆ ಹೋಗಲೂಬಹುದು.

ಮನೆಯಲ್ಲಿ ಉಳಿತಾಯವೇ ಇಲ್ಲದವರಿಗೆ ನಡುವೆ ಇಳಿಯುವ ಮೆಟ್ಟಿಲಿರುವ ದಾರಿ ವಾಸಿ ಎಂಬುದು ನಮ್ಮ ಅಭಿಪ್ರಾಯ. ವೈದ್ಯಕೀಯ, ಮೂಲವಿಜ್ಞಾನ ಬೇಕೆನ್ನುವವರಿಗೆ ಪಿಯು ಬಿಟ್ಟು ಬೇರೆ ದಾರಿಯಿಲ್ಲ, ಅದು ಸರಿ. ಆದರೆ ‘ಡಿಪ್ಲೊಮಾ ದಡ್ಡರಿಗೆ’ ಎಂಬ ಹಳೆಯ ಮಾತು ಇವತ್ತಿಗೂ ಎಷ್ಟು ಮನೆಗಳ ದುಡ್ಡು ತಿನ್ನುತ್ತಿದೆ ಎಂದರೆ ಹೇಳತೀರದು.

ಡಿಪ್ಲೊಮಾ ದಾರಿಯಲ್ಲಿ ಎಡವುವ ಜಾಗವೂ ಗೊತ್ತಿರುವಂಥದ್ದೇ: ಗಣಿತ. ಪಿಯುವಿನಲ್ಲಿ ಎರಡು ವರ್ಷ ಕಲನಶಾಸ್ತ್ರ ಅರೆದು ಬಂದವರ ಜೊತೆ ಮೂರನೆಯ ಸೆಮಿಸ್ಟರ್‌ನಲ್ಲಿ ಕೂರಬೇಕು. ಹೀಗೆ ಡಿಪ್ಲೊಮಾದಿಂದ ಬಂದವರಿಗಾಗಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹೆಚ್ಚುವರಿ ಗಣಿತದ ಕೋರ್ಸನ್ನೇ ಇಟ್ಟಿದೆ. ಡಿಪ್ಲೊಮಾ ಕೊನೆಯ ಪರೀಕ್ಷೆ ಮುಗಿದು ಬಿಇ ತರಗತಿ ಶುರುವಾಗುವ ನಡುವಿನ ತಿಂಗಳುಗಳಲ್ಲಿ ದ್ವಿತೀಯ ಪಿಯು ಗಣಿತದ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಅಧ್ಯಾಯಗಳನ್ನು ಮುಗಿಸಿಕೊಂಡವರು ನಿಲ್ಲುತ್ತಾರೆ. ಆ ತಿಂಗಳುಗಳನ್ನು ಪೂರ್ತಿ ಡೆಲಿವರಿ ಕೆಲಸದಲ್ಲಿ ಕಳೆದವರಿಗೆ ಎರಡು ಬ್ಯಾಕ್‌ಲಾಗ್ ಕಾದಿರುತ್ತದೆ. ಆ ಕೆಲಸ ಮಾಡಬಾರದು ಎಂದಲ್ಲ. ಬೆಳಗಿನ ಎರಡು ಗಂಟೆ ಗಣಿತಕ್ಕೆ ಎತ್ತಿಡಬೇಕು.

ಇದೇ ಸಾಲಿನ ಇನ್ನೊಂದು ಹೆಸರು ಜಿಟಿಟಿಸಿ, ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಡೆನ್ಮಾರ್ಕ್ ಸಹಕಾರದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಜಿಲ್ಲೆಗಳಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕಡ್ಡಾಯ ತರಬೇತಿ. ಎಸ್ಸೆಸ್ಸೆಲ್ಸಿಯಲ್ಲಿ ಮಧ್ಯಮ ಅಂಕ ಬಂದು ಕೈಕೆಲಸದಲ್ಲಿ ಆಸಕ್ತಿಯಿರುವವರಿಗೆ ಇಷ್ಟು ನೆಚ್ಚಿಕೊಳ್ಳಬಹುದಾದ ದಾರಿ ರಾಜ್ಯದಲ್ಲಿ ಹೆಚ್ಚಿಲ್ಲ. ಐಟಿಐ ಮುಗಿಸಿದವರೂ ಎರಡನೆಯ ವರ್ಷದ ಡಿಪ್ಲೊಮಾಕ್ಕೆ ಸೇರಬಹುದು. ಹಾಗೆ ಏಣಿ ಹತ್ತುತ್ತ ಬಿಇ ಮುಟ್ಟಿದವರಿದ್ದಾರೆ.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರ ಮಾತೂ ಇಲ್ಲೇ ಬರಬೇಕು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ, ಕೃಪಾಂಕವನ್ನು ಶೇ 20ಕ್ಕೆ ಏರಿಸಿಯೂ, ಶೇ 73.40ಕ್ಕೆ ಇಳಿಯಿತು. ಆದರೆ ಅದೇ ವರ್ಷದಿಂದ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಪದ್ಧತಿಯೂ ಇದೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ, ವರ್ಷ ಹಾಳಾಗದೆ ಅದೇ ಸಾಲಿನಲ್ಲಿ ಮುಂದೆ ಸೇರಬಹುದು. ಇದನ್ನು ತಿಳಿಯದೆ ಮೇ ಕೊನೆಗೇ ಮಗನನ್ನು ಬೆಂಗಳೂರಿನ ಬೇಕರಿ ಕೆಲಸಕ್ಕೆ ಕಳಿಸಿಬಿಡುವ ಮನೆಗಳು ಈಗಲೂ ಇವೆ. ಒಮ್ಮೆ ಕೈಗೆ ವಾರದ ಬಟವಾಡೆ ಬಂದ ಹದಿನಾರರ ಹುಡುಗನನ್ನು ಮತ್ತೆ ಬೆಂಚಿಗೆ ತಂದು ಕೂರಿಸುವುದು ಸುಲಭವಲ್ಲ.

ವಕ್ರೀಭವನ ಎಂಬುದು ರಿಫ್ರ್ಯಾಕ್ಷನ್

ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋದವರು ಪ್ರಥಮ ಪಿಯುವಿನ ಮೊದಲ ಕಿರುಪರೀಕ್ಷೆಯಲ್ಲೇ ನೆಲಕಚ್ಚುತ್ತಾರೆ. ಹತ್ತರಲ್ಲಿ ವಿಜ್ಞಾನಕ್ಕೆ 95 ತೆಗೆದವಳಿಗೆ ಭೌತವಿಜ್ಞಾನದಲ್ಲಿ 11. ಅವಳಿಗೆ ವಕ್ರೀಭವನ ಗೊತ್ತು, ಪೀನ ಮಸೂರ ಗೊತ್ತು, ಕಿರಣಚಿತ್ರ ಬರೆಯಲು ಬರುತ್ತದೆ. ರಿಫ್ರ್ಯಾಕ್ಷನ್, ಕಾನ್ವೆಕ್ಸ್ ಲೆನ್ಸ್ ಎಂಬ ಹೆಸರು ಗೊತ್ತಿಲ್ಲ. ಇನ್ನೂ ನುಣುಚಿಕೊಳ್ಳುವ ಜೋಡಿಗಳಿವೆ: ಕನ್ನಡ ಪುಸ್ತಕದ ‘ಜವ’ ಇಂಗ್ಲಿಷಿನ ಸ್ಪೀಡ್, ‘ವೇಗ’ ವೆಲಾಸಿಟಿ, ‘ವೇಗೋತ್ಕರ್ಷ’ ಆಕ್ಸಲರೇಷನ್, ‘ಸಂವೇಗ’ ಮೊಮೆಂಟಮ್. ಮಾತಿನ ಕನ್ನಡದಲ್ಲಿ ಸ್ಪೀಡ್ ಎಂದರೆ ವೇಗ. ಹಾಗಾಗಿ ಸ್ಪೀಡನ್ನೂ ವೆಲಾಸಿಟಿಯನ್ನೂ ಒಂದೇ ಎಂದುಕೊಂಡ ಹುಡುಗಿ ದಿಕ್ಕಿನ ಲೆಕ್ಕದಲ್ಲಿ ತಪ್ಪುತ್ತಾಳೆ. ಅದನ್ನು ‘ಕಾನ್ಸೆಪ್ಟ್ ವೀಕ್’ ಎಂದು ಬರೆದು ಉಪನ್ಯಾಸಕರು ಕೈತೊಳೆದುಕೊಳ್ಳುತ್ತಾರೆ.

ಪರಿಹಾರ ಖರ್ಚಿನದ್ದಲ್ಲ. ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವೂ ಇಂಗ್ಲಿಷ್ ಮಾಧ್ಯಮದ್ದೂ ಪಾಠಕ್ಕೆ ಪಾಠ, ಚಿತ್ರಕ್ಕೆ ಚಿತ್ರ ಒಂದೇ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಮುಗಿದ ಏಪ್ರಿಲ್‌ನಿಂದ ಜೂನ್‌ವರೆಗೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದಬೇಕು. ಗೊತ್ತಿರುವ ಪಾಠವನ್ನೇ ಗೊತ್ತಿಲ್ಲದ ಭಾಷೆಯಲ್ಲಿ ಓದುವುದರಿಂದ ನಿಘಂಟು ಅಷ್ಟಾಗಿ ಬೇಕಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ದಿನಕ್ಕೆ 15 ಪದ ಬರೆದರೆ ಎರಡು ತಿಂಗಳಲ್ಲಿ 900 ಆಗುತ್ತದೆ, ಪ್ರಥಮ ಪಿಯು ಆರಂಭಕ್ಕೆ ಧಾರಾಳ ಸಾಕು.

ಪಾರಿಭಾಷಿಕ ಪದಗಳಿಗಿಂತ ಹೆಚ್ಚು ಅಂಕ ತಿನ್ನುವುದು ಪ್ರಶ್ನೆಯ ಕ್ರಿಯಾಪದಗಳು. ಡಿಫೈನ್, ಸ್ಟೇಟ್, ಡಿರೈವ್, ಡಿಸ್ಟಿಂಗ್ವಿಶ್, ಜಸ್ಟಿಫೈ, ಮೆನ್ಷನ್ ಇಂಥವು ಇಪ್ಪತ್ತು ಇಪ್ಪತ್ತೈದಿರಬಹುದು. ‘ಡಿರೈವ್’ ಎಂದಿದ್ದಲ್ಲಿ ಸೂತ್ರ ಬರೆದು ಬಿಟ್ಟರೆ ಐದಕ್ಕೆ ಒಂದು ಅಂಕ. ‘ಮೆನ್ಷನ್’ ಎಂದಿದ್ದಲ್ಲಿ ಒಂದು ಪುಟ ಬರೆದರೆ ಸಮಯ ಹೋಯಿತು. ಒಂದು ಮಧ್ಯಾಹ್ನ ಕೂತು ಹಳೆಯ ಪ್ರಶ್ನೆಪತ್ರಿಕೆಗಳಿಂದ ಇವನ್ನು ಹೆಕ್ಕಿ ಕನ್ನಡದಲ್ಲಿ ಅರ್ಥ ಬರೆದುಕೊಂಡರೆ ಸಾಕು. ಟ್ಯೂಷನ್ನಿಗೆ ಸಾವಿರಗಟ್ಟಲೆ ಕೊಡುವ ಮೊದಲು ಮಾಡಬೇಕಾದ ಕೆಲಸ ಇದು.

ದೇವರು ವರ ಕೊಟ್ಟರೂ

ಈಗ ಕಾಗದದ ವಿಷಯ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಶಿಷ್ಯವೇತನದ ಪೋರ್ಟಲ್‌ಗೆ ಹೇಳಿ ಮಾಡಿಸಿದ್ದು. ಆದರೆ ಇಲ್ಲಿ ಪೂಜಾರಿ ಮನುಷ್ಯನಲ್ಲ, ಮೂರು ನಾಲ್ಕು ಇಲಾಖೆಗಳ ಕಂಪ್ಯೂಟರುಗಳು. ಅವು ಒಂದಕ್ಕೊಂದು ಮಾತಾಡುವುದು ಹೆಸರಿನ ಸ್ಪೆಲ್ಲಿಂಗ್ ಮೂಲಕ.

ಒಂದು ಸಾಮಾನ್ಯ ಉದಾಹರಣೆ. ಹುಡುಗನ ಹೆಸರು ಮಂಜುನಾಥ. ಆಧಾರ್‌ನಲ್ಲಿ ಇಂಗ್ಲಿಷಿನ ಹೆಸರಿನ ಕೊನೆಗೆ ‘ಎ’ ಅಕ್ಷರವಿದೆ, ಅಂಕಪಟ್ಟಿಯಲ್ಲಿ ಇಲ್ಲ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಅಪ್ಪನ ಆಧಾರ್‌ನಲ್ಲಿ ಹನುಮಂತಪ್ಪ, ಜಾತಿ ಪ್ರಮಾಣಪತ್ರದಲ್ಲಿ ಹನುಮಂತ. ಮನುಷ್ಯರ ಕಣ್ಣಿಗೆ ಎಲ್ಲವೂ ಒಂದೇ, ಪೋರ್ಟಲ್‌ಗೆ ಇವರು ಬೇರೆ ಬೇರೆ ಜನ.

ತಿದ್ದುವುದಕ್ಕೆ ಒಂದು ಸರದಿಯಿದೆ. ಅದನ್ನು ತಪ್ಪಿಸಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಮೊದಲು ಶಾಲೆಯ ದಾಖಲೆ. ಒಂಬತ್ತನೆಯ ತರಗತಿಯಲ್ಲಿ, ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ, ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿರುವ ಹೆಸರು, ಹುಟ್ಟಿದ ದಿನ, ತಂದೆ–ತಾಯಿ ಹೆಸರನ್ನು ಮುಖ್ಯೋಪಾಧ್ಯಾಯರ ಹತ್ತಿರ ತೆಗೆಸಿ ನೋಡಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಶಾಲೆಯ ಮೂಲಕ ಮಂಡಳಿಗೆ ಹೋಗಬೇಕು, ತಿಂಗಳುಗಳು ಹಿಡಿಯುತ್ತವೆ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಆಧಾರ್ ಸರಿಮಾಡಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ, ಹುಟ್ಟಿದ ದಿನವನ್ನು ಒಂದೇ ಬಾರಿ ಬದಲಿಸಬಹುದು. ಆದ್ದರಿಂದ ಸೈಬರ್ ಸೆಂಟರಿನವರು ಹೇಳಿದರೆಂದು ಅವಸರದಲ್ಲಿ ಬದಲಿಸಬಾರದು. ಮೂರನೆಯದು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ಸಂಖ್ಯೆಯೇ ಮುಂದಿನ ಎಲ್ಲ ಅರ್ಜಿಗಳ ಬೀಗದ ಕೈ. ಪರಿಶಿಷ್ಟರಿಗೆ, ಪ್ರವರ್ಗ–1ಕ್ಕೆ, 2ಎ–3ಬಿ ವರ್ಗಗಳಿಗೆ ನಮೂನೆ ಬೇರೆ ಬೇರೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಂಟನೆಯ ತರಗತಿಯಲ್ಲಿ ಮಾಡಿಸಿದ್ದು ಪಿಯು ಮುಗಿಯುವ ಹೊತ್ತಿಗೆ, ಸರಿಯಾಗಿ ಸಿಇಟಿ ಸಮಯಕ್ಕೆ, ಸತ್ತುಹೋಗಿರುತ್ತದೆ. ಅರ್ಜಿ ಹಾಕುವ ಮೊದಲು ಅದರ ಮೇಲಿನ ದಿನಾಂಕ ನೋಡಿಕೊಳ್ಳಬೇಕು.

ಸಿಇಟಿಯ ಮಾತು ಬಂದಿತಲ್ಲ. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯಡಿ ಆ ಭಾಗದ ಸೀಟುಗಳಲ್ಲಿ ಶೇ 70, ಉಳಿದೆಡೆ ಶೇ 8. ಇವಕ್ಕೆ ವ್ಯಾಸಂಗ ಪ್ರಮಾಣಪತ್ರ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಮೂರು ಶಾಲೆ ಬದಲಿಸಿದ ಹುಡುಗ ಮೂರು ಕಡೆ ಓಡಾಡಬೇಕು. ಅದರಲ್ಲಿ ಒಂದು ಶಾಲೆ ಮುಚ್ಚಿಹೋಗಿರುತ್ತದೆ. ಫಲಿತಾಂಶ ಬಂದ ಮೇಲೆ ಹೊರಡುವವರು ಸೋಲುತ್ತಾರೆ. ದ್ವಿತೀಯ ಪಿಯುವಿನ ದಸರಾ ರಜೆ ಈ ಓಡಾಟಕ್ಕೆ ಸರಿಯಾದ ಹೊತ್ತು. ಎಂಜಿನಿಯರಿಂಗ್‌ನಲ್ಲಿ ವರ್ಷಕ್ಕೆ 8 ಲಕ್ಷದೊಳಗಿನ ಆದಾಯದವರಿಗೆ ಎಸ್‌ಎನ್‌ಕ್ಯೂ ಎಂಬ ಶೇ 5ರ ಹೆಚ್ಚುವರಿ ಸೀಟುಗಳಿವೆ, ಬೋಧನಾ ಶುಲ್ಕವಿಲ್ಲ. ಯಾವ ಮೀಸಲಾತಿಗೂ ಬಾರದ ಬಡವರ ಮನೆಯವರು ಇದರ ಹೆಸರನ್ನೇ ಕೇಳಿರುವುದಿಲ್ಲ.

ಸೀಟು ಸಿಕ್ಕಿತು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೂ ಆಯಿತು, ದಾಖಲೆಗಳ ಇ–ದೃಢೀಕರಣವೂ ಆಯಿತು. ‘ಹಣ ಪಾವತಿಯಾಗಿದೆ’ ಎಂದು ಪೋರ್ಟಲ್ ಹೇಳುತ್ತದೆ, ಪಾಸ್‌ಬುಕ್ಕಿನಲ್ಲಿ ಮಾತ್ರ ಸೊನ್ನೆ. ಸರ್ಕಾರದ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಕೆವೈಸಿಗೆ ಆಧಾರ್ ಕೊಟ್ಟಿದ್ದೀರಿ ಎಂದಷ್ಟೇ ಅರ್ಥ. ಸರ್ಕಾರದ ಹಣ ಇದೇ ಖಾತೆಗೆ ಬರಲಿ ಎಂದು ಜೋಡಿಸುವ ಸೀಡಿಂಗ್ ಬೇರೆ, ಅದಕ್ಕೆ ಬೇರೆ ಒಪ್ಪಿಗೆಪತ್ರ ಬರೆದುಕೊಡಬೇಕು. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳಚ್ಚು ತೆಗೆದುಕೊಂಡು ತೆರೆದುಬಿಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ವಿದ್ಯಾರ್ಥಿವೇತನ ಕೂತಿರುವುದೂ ಉಂಟು. ಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕು ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಗಂಟು ಹದಿನೆಂಟು ತುಂಬಿದಾಗ ಬೀಳುತ್ತದೆ. ಶಾಲೆಯಲ್ಲಿದ್ದಾಗ ಅಮ್ಮನ ಸಹಿಯಲ್ಲಿ ತೆರೆದ ಮೈನರ್ ಖಾತೆ, ವಯಸ್ಸು ತುಂಬಿದ ಮೇಲೆ ಹೊಸ ಫೋಟೊ, ಸಹಿ, ಕೆವೈಸಿ ಕೊಡದಿದ್ದರೆ ಕೆಲಸ ನಿಲ್ಲಿಸುತ್ತದೆ. ಹದಿನೆಂಟು ತುಂಬುವುದು ಸರಿಯಾಗಿ ಪಿಯು ಮುಗಿಸಿ ಪದವಿಗೆ ಕಾಲಿಡುವ ವರ್ಷ, ದೊಡ್ಡ ಮೊತ್ತ ಬರಬೇಕಾದ ವರ್ಷ.

ಜೂನ್ ತಿಂಗಳ ಕೈಕಾಸು

ಶುಲ್ಕ ಮನ್ನಾ ಎಂದಮೇಲೂ ದುಡ್ಡು ಬೇಕಾಗುವುದೇಕೆ? ಮನ್ನಾ ಆಗುವುದು ಮಾರ್ಚ್‌ನಲ್ಲಿ, ಕಟ್ಟಬೇಕಾದದ್ದು ಜೂನ್–ಜುಲೈನಲ್ಲಿ. ಆದಾಯ 2.5 ಲಕ್ಷದೊಳಗಿರುವ ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವೇತನವಿದೆ. ಹಿಂದುಳಿದ ವರ್ಗಗಳವರಿಗೆ ಶುಲ್ಕ ಮರುಪಾವತಿಯಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ಎಲ್ಲವೂ ಬರುತ್ತವೆ, ತಡವಾಗಿ. ಅಲ್ಲಿಯವರೆಗೆ ಮೆಸ್ ಮುಂಗಡ, ಬಸ್‌ಪಾಸ್, ರೆಕಾರ್ಡ್ ಬುಕ್, ಏಪ್ರನ್, ಜೆರಾಕ್ಸ್ ಇವಕ್ಕೆ ಅಮ್ಮ ಸಂಘದ ಸಾಲ ಎತ್ತುತ್ತಾಳೆ. ವರ್ಷಕ್ಕೆ ಶೇ 24ರ ದರದಲ್ಲಿ 50,000 ತೆಗೆದು 24 ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 2,640, ಒಟ್ಟು ಬಡ್ಡಿ 13,000ದ ಮೇಲೆ. ವಿದ್ಯಾಸಿರಿ ಒಂದು ವರ್ಷಕ್ಕೆ ಕೊಟ್ಟಿದ್ದರಲ್ಲಿ ಹೆಚ್ಚುಪಾಲು ಬಡ್ಡಿಗೇ ಹೋಯಿತು. ಕಿರುಸಾಲದ ವಸೂಲಿ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಾಗ ಚರ್ಚೆಯಾದದ್ದು ವಸೂಲಿಯ ಬಗೆ. ಸಾಲ ಯಾಕೆ ಎತ್ತಿದರು ಎಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಅದೇ ಮನೆಗೆ ಶಿಕ್ಷಣ ಸಾಲ ಸಿಗಬಹುದಿತ್ತು. 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ, 4 ಲಕ್ಷದವರೆಗೆ ಕೈಯಿಂದ ಪಾಲು ಹಾಕುವುದೂ ಬೇಕಿಲ್ಲ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆಯ ವೃತ್ತಿಪರ, ತಾಂತ್ರಿಕ ಕೋರ್ಸ್ ಆಗಿದ್ದರೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಭರಿಸುತ್ತದೆ. ಇಲ್ಲೂ ಎಡವುವ ಕಲ್ಲುಗಳಿವೆ. ಬಡ್ಡಿ ಸಹಾಯಧನವನ್ನು ಕೇಳಬೇಕಾದದ್ದು ಬ್ಯಾಂಕು. ಆದಾಯ ಪ್ರಮಾಣಪತ್ರ ಕಡತದಲ್ಲಿ ಇಲ್ಲದಿದ್ದರೆ ಶಾಖೆ ಕೇಳುವುದಿಲ್ಲ, ಬಡ್ಡಿ ಸದ್ದಿಲ್ಲದೆ ಅಸಲಿಗೆ ಸೇರುತ್ತದೆ. ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಬಡ್ಡಿ ಜಮೆಯ ಸಾಲು ಹುಡುಕಬೇಕು. ಓದನ್ನು ನಡುವೆ ಬಿಟ್ಟರೆ, ಅನಾರೋಗ್ಯದ ಕಾರಣ ಹೊರತು, ಸೌಲಭ್ಯ ಹೋಗುತ್ತದೆ. ಶಾಖೆಯಲ್ಲಿ ಬಾಯಿಮಾತಿನಲ್ಲಿ ‘ಆಗಲ್ಲ’ ಎಂದರೆ ಎದ್ದು ಬರಬಾರದು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಗೆ ಕಾರಣ ಬರೆದು ತಿರಸ್ಕರಿಸಬೇಕಾಗುತ್ತದೆ, ಕಾರಣ ಬರೆಯಬೇಕು ಎಂದಾಗ ಎಷ್ಟೋ ‘ಆಗಲ್ಲ’ಗಳು ‘ನೋಡೋಣ’ ಆಗುತ್ತವೆ.

ಹತ್ತು ಮತ್ತು ಹನ್ನೆರಡನೆಯ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ ವರ್ಷಕ್ಕೆ 30,000 ಕೊಡುತ್ತಿದೆ. ಬಿಎ, ಬಿಕಾಂ ಎಂದು ಭೇದವಿಲ್ಲದಿರುವುದು ಇದರ ದೊಡ್ಡ ಗುಣ.

ಊಟ ಮತ್ತು ದೀಪ

ದುಡ್ಡಿಗಿಂತ ಹೆಚ್ಚು ಕೆಲಸ ಮಾಡಿರುವುದು ಹಾಸ್ಟೆಲ್ಲು. ಈ ನಾಡಿಗೆ ಇದು ಹೊಸ ಪಾಠವಲ್ಲ. ವಾರಾನ್ನದ ಕಾಲದಲ್ಲಿ ಹುಡುಗರು ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಮನೆ ಗೊತ್ತುಮಾಡಿಕೊಂಡು ಉಂಡು ಓದಿದರು. ಆ ಊಟ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆ ಹುಟ್ಟಿದವು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರ ಕೊಟ್ಟವು. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಸರ್ಕಾರಿ ಹಾಸ್ಟೆಲ್ಲುಗಳು ತಾಲ್ಲೂಕುಗಳಲ್ಲಿ ಹಬ್ಬಿದವು. ಇಂದು ಕಚೇರಿಗಳಲ್ಲಿ ಕೂತಿರುವ ಎಷ್ಟೋ ಮಂದಿ ಮನೆಯ ಮೊದಲ ಅಕ್ಷರಸ್ಥರು ಆ ಮೆಸ್ಸಿನ ಸಾರು ಉಂಡವರು. ಮನೆಯಲ್ಲಿದ್ದರೆ ಸಂಜೆ ಎಮ್ಮೆಗೆ ಹುಲ್ಲು, ತಮ್ಮನನ್ನು ನೋಡಿಕೊಳ್ಳುವುದು, ಟಿವಿ. ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದವನು ರಾತ್ರಿ ಹನ್ನೊಂದರವರೆಗೆ ಓದುತ್ತಿರುತ್ತಾನೆ, ನೀವೂ ಓದುತ್ತೀರಿ.

ತೊಂದರೆ ಏನೆಂದರೆ, ತರಗತಿ ಜೂನ್‌ನಲ್ಲಿ ಶುರುವಾದರೆ ಹಲವೆಡೆ ಹಾಸ್ಟೆಲ್ ಆಯ್ಕೆಪಟ್ಟಿ ಬರುವುದು ಎರಡು ಮೂರು ತಿಂಗಳು ತಡವಾಗಿ. ಆ ಅವಧಿಗೆ ಪೇಟೆಯಲ್ಲಿ ರೂಮು ಹಿಡಿಯುವ ಶಕ್ತಿ ಇಲ್ಲದವರು ದಿನಾ ನಲವತ್ತು ಕಿಲೋಮೀಟರ್ ಓಡಾಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗಾದರೂ ಬಸ್ಸಿನ ದುಡ್ಡು ಉಳಿಯಿತು. ಗಂಡುಮಕ್ಕಳು ಈ ಹೊತ್ತಲ್ಲೇ ಬಿಡುತ್ತಾರೆ.

ಪದವಿ ಆದ ಮೇಲಿನ ಐದು ವರ್ಷ

ಕಷ್ಟಪಡುವಿಕೆ ಅತಿ ಹೆಚ್ಚು ವ್ಯರ್ಥವಾಗುವ ಜಾಗ ಧಾರವಾಡದ ಸಪ್ತಾಪುರದಂಥ, ಬೆಂಗಳೂರಿನ ವಿಜಯನಗರದಂಥ ಕೋಚಿಂಗ್ ಬಡಾವಣೆಗಳು. ಹತ್ತಡಿ ರೂಮಿನಲ್ಲಿ ಮೂವರು, ಎರಡು ಹೊತ್ತಿನ ಮೆಸ್, ತಿಂಗಳ ಬಾಡಿಗೆಯ ರೀಡಿಂಗ್ ರೂಮು. ದಿನಕ್ಕೆ ಹನ್ನೆರಡು ಗಂಟೆ ಓದುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆ ಅಕ್ರಮದ ಕಾರಣ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಯ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು, ಆಗಲೂ ತಪ್ಪುಗಳಿದ್ದವು. ಕನ್ನಡದಲ್ಲಿ ಓದಿ ಬಂದವರಿಗೆ ಕನ್ನಡದ ಪ್ರಶ್ನೆಯೇ ಅರ್ಥವಾಗದಂತೆ ಬರೆದ ನಾಚಿಕೆಗೇಡಿನ ಕತೆ ಅದು. ಇಂಥ ಒಂದೊಂದು ಮುಂದೂಡಿಕೆಯ ಖರ್ಚನ್ನೂ ಊರಿನಿಂದ ಬರುವ ಮನಿಯಾರ್ಡರು ಭರಿಸಬೇಕು.

ನೂರಕ್ಕೆ ಒಬ್ಬರಿಗೆ ಸಿಗುವ ಕೆಲಸಕ್ಕೆ ತಯಾರಾಗಬಾರದು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ತಯಾರಿಗೆ ಗಡುವು ಬೇಕು ಎನ್ನಬಹುದು. ಎರಡು ವರ್ಷ ಅಥವಾ ಎರಡು ಅಧಿಸೂಚನೆ, ಯಾವುದು ಮೊದಲೋ ಅದು. ಒಂದೇ ಪಠ್ಯದಲ್ಲಿ ಹಲವು ಪರೀಕ್ಷೆಗೆ ಹೊಂದುವಂತೆ ಆಯ್ದುಕೊಳ್ಳುವುದು ಜಾಣತನ: ಬ್ಯಾಂಕ್, ಎಸ್‌ಎಸ್‌ಸಿ, ರೈಲ್ವೆ ಮೂರರಲ್ಲೂ ಗಣಿತ, ತಾರ್ಕಿಕ ಪ್ರಶ್ನೆಗಳು ಬಹುಪಾಲು ಒಂದೇ ಜಾತಿಯವು, ಮತ್ತು ಅವುಗಳ ವೇಳಾಪಟ್ಟಿ ರಾಜ್ಯದ್ದಕ್ಕಿಂತ ನಂಬಿಕೆಗೆ ಅರ್ಹ.

ಆ ಅವಧಿಯಲ್ಲಿ ಖಾಲಿ ಕೂರುವ ಬದಲು ಅಪ್ರೆಂಟಿಸ್ ಆಗಬಹುದು. 2019ರಲ್ಲಿ ತಿದ್ದಿದ ನಿಯಮದಂತೆ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000 ಭತ್ಯೆ. 2024ರ ಜನವರಿಯಲ್ಲಿ ಶುರುವಾದ, ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಸಿಗುತ್ತದೆ, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ಆದವರಿಗೆ ಅದು ಇಲ್ಲ. ಮೂರು ಸಾವಿರ ನಿಂತುಹೋಗುತ್ತದೆ ಎಂದು ಒಂಬತ್ತು ಸಾವಿರ ಬಿಡುವವರು ಇದ್ದಾರೆ. ಅನುಭವದ ಪತ್ರ ಸಿಗುವುದು ಒಂಬತ್ತು ಸಾವಿರದ ಕಡೆ ಎಂಬುದನ್ನು ಯಾರಾದರೂ ಕೂರಿಸಿ ಹೇಳಬೇಕು.

ಕೆಲಸ ಸಿಕ್ಕಿದ ಮೇಲೂ ಒಂದು ಸಣ್ಣ ಎಚ್ಚರಿಕೆ. ಕಂಪನಿ ಸಂಬಳಕ್ಕೆಂದು ಹೊಸ ಖಾತೆ ತೆರೆಸುತ್ತದೆ. ಆ ಅರ್ಜಿಯಲ್ಲಿ ಸರ್ಕಾರಿ ಸಹಾಯಧನ ಈ ಖಾತೆಗೇ ಬರಲಿ ಎಂಬ ಚೌಕವಿರುತ್ತದೆ, ಓದದೆ ಟಿಕ್ ಹಾಕುತ್ತಾರೆ. ಕೊನೆಯ ವರ್ಷದ ಶಿಷ್ಯವೇತನ ಬರುವುದು ಬಹಳಷ್ಟು ಸಲ ಪದವಿ ಮುಗಿದ ಮೇಲೆ. ಊರಿನ ಬ್ಯಾಂಕಿನಲ್ಲಿ ಅಪ್ಪ ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಇನ್ನೂ ಬಂದಿಲ್ಲವಲ್ಲ ಎಂದು ಇಲಾಖೆಯ ಕಚೇರಿಗೆ ಅಲೆಯುತ್ತಿರುತ್ತಾನೆ. ಹಣ ಆರು ತಿಂಗಳ ಹಿಂದೆಯೇ ಮಗನ ಸಂಬಳದ ಖಾತೆಗೆ ಬಂದು ಪಿಜಿ ಬಾಡಿಗೆಯಲ್ಲಿ ಕರಗಿಹೋಗಿರುತ್ತದೆ.